ನೀಲಿ ಟೇಪು ಸುತ್ತಿದ ಸ್ಟೆತಾಸ್ಕೋಪು

ಆ ಶನಿವಾರ ಎಲ್ಲ ಶನಿವಾರಗಳ ಹಾಗೆಯೇ ಶುರುವಾಯಿತು. ಅರ್ಧ ದಿನದ ಶಾಲೆ. ಎಂಟನೇ ತರಗತಿಗೆ ಶಬ್ದದ ಪಾಠ. ಮಕ್ಕಳನ್ನು ಬೆಂಚಿಗೆ ಕಿವಿ ಹಚ್ಚಿ ಕೂರಿಸಿ, ಬೆಂಚಿನ ಆ ತುದಿಯನ್ನು ಉಗುರಿನಿಂದ ಕೆರೆದೆ. "ಕೇಳ್ತು ಸಾರ್!" ಎಂದು ಎಲ್ಲರೂ ಕೂಗಿದರು. ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡು, ಮಧುಗಿರಿಯಿಂದ ಶಿರಾ ಬಸ್ಸು ಹತ್ತಿದೆ.

ಶಿರಾದಲ್ಲಿ ನನ್ನ ಅಕ್ಕನ ಮಗಳು ಸಹನಾ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಳು. ಅವಳ ಅಪ್ಪ, ನನ್ನ ಭಾವ ಗಂಗಹನುಮಯ್ಯ, ಓದು ಸಾಕು ಮನೆಗೆ ಬಾ ಎಂದು ದಿನಾ ಫೋನಿನಲ್ಲಿ ಬೈಯುತ್ತಿದ್ದ. "ಮಾಮ, ನೀವೂ ಬನ್ನಿ. ನಾನೊಬ್ಬಳೇ ಹೋದರೆ ವಾಪಸ್ ಬಿಡಲ್ಲ," ಎಂದು ಹುಡುಗಿ ಕರೆದಿದ್ದಳು. ಅದಕ್ಕೇ ಹೊರಟಿದ್ದೆ.

ನನ್ನ ಅಕ್ಕ ಓಬಳಮ್ಮ ತೀರಿಕೊಂಡು ಆಗ ಐದು ವರ್ಷ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜನದಲ್ಲಿ ಮದುವೆಯಾದ ಹೆಂಗಸು ಸತ್ತರೆ ತವರಿನವರು ಬರುವ ತನಕ ಹೆಣ ಎತ್ತುವುದಿಲ್ಲ. ಅಣ್ಣನೋ ತಮ್ಮನೋ ಹೊಸ ಸೀರೆ ತರಬೇಕು. ಅದನ್ನು ಹೊದಿಸಿ, ಮುಖ ನೋಡಬೇಕು. ಆಮೇಲೆಯೇ ಮಣ್ಣು. ಅಕ್ಕ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು, ಹೋಗಿಬಿಟ್ಟಳು ಎಂದು ಫೋನು ಬಂದಾಗ ನಾನು ಅಳುತ್ತಲೇ ಅಂಗಡಿಗೆ ಹೋಗಿ ಸೀರೆ ಕೊಂಡೆ. ಹಸಿರು ಸೀರೆ, ಮಾವಿನಕಾಯಿ ಅಂಚು. ಅಂಗಡಿಯವನು ಚೀಟಿಯನ್ನು ಸೆರಗಿಗೆ ಗುಂಡುಪಿನ್ನಿನಿಂದ ಸಿಕ್ಕಿಸಿ ಕೊಟ್ಟ. ಅವರ ಊರು ಮುಟ್ಟಿದಾಗ ಹೊಲದ ಬದುವಿನಲ್ಲಿ ಹಸಿ ಮಣ್ಣಿನ ಗುಡ್ಡೆ ಎದ್ದಿತ್ತು. "ಬಿಸ್ಲು ಜಾಸ್ತಿ ಇತ್ತು ಮೇಷ್ಟ್ರೇ, ಇಕ್ಕಂಡಿರಾಕಾಗ್ಲಿಲ್ಲ," ಎಂದ ಭಾವ.

ನಾನು ಮುಖ ನೋಡಲಿಲ್ಲ. ಸೀರೆಯನ್ನು ವಾಪಸ್ ತಂದೆ. ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿದೆ. ಆ ಶನಿವಾರ ಬೆಳಿಗ್ಗೆ ಶರ್ಟು ತೆಗೆಯುವಾಗಲೂ ಅದು ಅಲ್ಲೇ ಇತ್ತು. ನೋಡಿದ್ದೇನೆ.

ಸರಿ… ಶಿರಾ.

ಸಹನಾಗೆ ಸ್ಟೆತಾಸ್ಕೋಪು ಬೇಕಿತ್ತು. ಕಲಿಯುವುದಕ್ಕೆ ಹಳೆಯದೇ ಸಾಕು, ತಟ್ಟಿ ನೋಡಿ ತಗೊಳ್ಳಿ ಎಂದು ಅವಳ ಟೀಚರು ಹೇಳಿದ್ದರಂತೆ. ಬಸ್ ಸ್ಟ್ಯಾಂಡಿನ ಹಿಂದೆ ಖಲೀಲ್ ಸಾಬರ ಗುಜರಿ ಅಂಗಡಿ. ಮುರಿದ ಕುರ್ಚಿ, ಫ್ಯಾನು, ಆಸ್ಪತ್ರೆಯ ಕಬ್ಬಿಣದ ಮಂಚ. ಅದರ ಸರಳಿಗೆ ನೇತುಹಾಕಿದ್ದ ಒಂದು ಹಸಿರು ನಳಿಗೆಯ ಸ್ಟೆತಾಸ್ಕೋಪನ್ನು ಸಾಬರು ತೆಗೆದು ಕೊಟ್ಟರು. ನಳಿಗೆ ಎರಡಾಗಿ ಕವಲೊಡೆಯುವ ಜಾಗಕ್ಕೆ ಮಾಸಿ ಕಪ್ಪಾದ ಪ್ಲಾಸ್ಟರ್ ಸುತ್ತಿತ್ತು.

"ಅಸಲಿ ಮಾಲು ಬೇಟಿ. ಬರಗೂರು ಕಡೆಯ ಡಾಕ್ಟರ್‌ದು. ಅವರು ಅಂಗಡಿ ಖಾಲಿ ಮಾಡ್ದಾಗ ಬೆಂಚು, ಮೇಜಿನ ಜೊತೆ ಬಂತು. ಅವತ್ತಿಂದ ಯಾರೂ ಮುಟ್ಟಿಲ್ಲ," ಎಂದು ಸಾಬರು ಎದೆ ಮುಂದೆ ಮಾಡಿದರು. "ನೋಡು, ನನ್ನ ದಿಲ್ ಕೇಳ್ತದಾ?"

ಸಹನಾ ಕಿವಿಗೆ ಸಿಕ್ಕಿಸಿಕೊಂಡಳು. ತುದಿಗಳು ಮೂಗಿನ ಕಡೆಗೆ ವಾಲಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ತೆಗೆದು, ತಿರುಗಿಸಿ ಮತ್ತೆ ಸಿಕ್ಕಿಸಿಕೊಂಡಳು. ಬಿಲ್ಲೆಯ ಅಗಲ ಮುಖವನ್ನು ಸಾಬರ ಎದೆಗಿಟ್ಟಳು. ಬಹಳ ಹೊತ್ತು ಕೇಳಿದಳು.

"ಸಾಬರೇ, ನೀವು ತೀರ್ಕೊಂಡಿದೀರ."

"ಯಾ ಅಲ್ಲಾ! ಮನೇಲಿ ಹೇಳಬೇಡ ಬೇಟಿ, ಬೀಗರ ಊಟ ಐತೆ ನಾಳೆ."

ಮೂವರೂ ನಕ್ಕೆವು. ಅವಳು ಬಿಲ್ಲೆಯನ್ನು ಕೈಯಲ್ಲಿ ತಿರುವಿ ನೋಡಿದಳು. ಅದಕ್ಕೆ ಎರಡು ಮುಖ. ಒಂದು ಕಡೆ ಪೊರೆ ಬಿಗಿದ ಅಗಲ ಮುಖ, ಇನ್ನೊಂದು ಕಡೆ ಗಂಟೆಯಂಥ ಚಿಕ್ಕ ಮುಖ. ಒಂದು ಸಲಕ್ಕೆ ಒಂದೇ ಮುಖ ತೆರೆದಿರುತ್ತದೆ. ಚಿಕ್ಕದು ತೆರೆದಿರುವಾಗ ದೊಡ್ಡದನ್ನು ಯಾರ ಎದೆಗಿಟ್ಟರೂ ಏನೂ ಕೇಳದು. ಅವಳು ಬಿಲ್ಲೆಯನ್ನು ತಿರುಚಿದಳು. ತುಕ್ಕು ಹಿಡಿದಿತ್ತು. ಹಲ್ಲು ಕಚ್ಚಿ ತಿರುಚಿದಳು. 'ಟಕ್' ಎಂದು ಕೂತಿತು. ಪೊರೆಯ ಮೇಲೆ ಬೆರಳಿನಿಂದ ತಟ್ಟಿದಳು. ಬೆಚ್ಚಿ ಕಣ್ಣು ಮುಚ್ಚಿದಳು… ಅಷ್ಟು ಜೋರು.

"ಬದುಕಿದ್ರಿ ಸಾಬರೇ!"

ಕೊಂಡುಕೊಂಡೆವು.

ಬರಗೂರಿನಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗಿತ್ತು. ಅವರ ಊರಿಗೆ ಅಲ್ಲಿಂದ ಹೊಲದ ದಾರಿ. ಕಡಲೆಕಾಯಿ ಕಿತ್ತು ಮುಗಿದಿತ್ತು. ಒಣಬಳ್ಳಿಯ ವಾಸನೆ. ಸಹನಾ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು, ಕಂಡದ್ದಕ್ಕೆಲ್ಲ ಇಟ್ಟು ನೋಡುತ್ತಾ ಬಂದಳು. ಕಲ್ಲುಕಂಬ, ಕರೆಂಟು ಕಂಬ, ನನ್ನ ಬೆನ್ನು. ದಾರಿಯಲ್ಲಿ ದೊಡ್ಡ ಆಲದಮರ. ಅದಕ್ಕೂ ಇಟ್ಟಳು.

"ಏನು ಕೇಳುತ್ತೆ?"

"ಇರುವೆ ಮದುವೆ ಮಾಮ. ಓಲಗ ಊದ್ತಾ ಇವೆ."

ಮರದ ಮಗ್ಗುಲಿಗೇ ಆ ಮೆಟ್ಟಿಲು ಬಾವಿ. ಅಕ್ಕ ಬಿದ್ದಳು ಎಂದು ಭಾವ ಹೇಳಿದ ಬಾವಿ. ಸಹನಾ ಕಟ್ಟೆಯ ಮೇಲೆ ಕೂತು, ಚೀಲದಿಂದ ಹತ್ತಿ, ಸ್ಪಿರಿಟ್ ತೆಗೆದು ನಳಿಗೆ ಒರೆಸತೊಡಗಿದಳು. ನಾನು ಫೋನಿನ ಬೆಳಕು ಹಿಡಿದೆ. ಕಪ್ಪು ಪ್ಲಾಸ್ಟರ್ ನೆನೆದು ಸುರುಳಿಯಾಗಿ ಎದ್ದು ಬಂತು. ಅದರ ಒಳಗೆ ಒಂದು ಸುತ್ತು ಟೇಪು. ಹುಡುಗಿಯರು ಜಡೆಗೆ ಕಟ್ಟುವ ನೀಲಿ ಟೇಪು.

ಅವಳ ಕೈ ನಿಂತಿತು.

"ಮಾಮ…"

"ಏನಮ್ಮ?"

"ಈ ಗಂಟು ನಂದು."

ಪಿಸುದನಿಯಲ್ಲಿ ಹೇಳಿದಳು. ಅವರ ಊರಿನಲ್ಲಿ ಆಗ ಕುಮಾರಸ್ವಾಮಿ ಎಂಬವನೊಬ್ಬ ಅಂಗಡಿಮನೆಯಲ್ಲಿ ಸೂಜಿ ಮದ್ದು ಕೊಡುತ್ತಿದ್ದ. ಓದಿದವನಲ್ಲ. ಎಲ್ಲರೂ ಡಾಕ್ಟ್ರು ಅನ್ನುತ್ತಿದ್ದರು. ಇವಳು ಜ್ವರ ಬಂದು ಅವನ ಹತ್ತಿರ ಹೋದಾಗ ಅವನ ಸ್ಟೆತಾಸ್ಕೋಪಿನ ನಳಿಗೆ ಸೀಳಿತ್ತು. 'ನಿನ್ನ ಜಡೆ ಟೇಪು ಕೊಡೇ' ಎಂದು ನಕ್ಕಿದ್ದ. ಇವಳೇ ತುಂಡು ಹರಿದು ಸುತ್ತಿ, ಎರಡು ಗಂಟು ಹಾಕಿದ್ದಳು. ಅವನು ಮೇಲೆ ಪ್ಲಾಸ್ಟರ್ ಅಂಟಿಸಿದ್ದ. ಅಕ್ಕ ತೀರಿಕೊಂಡ ತಿಂಗಳಲ್ಲೇ ಅವನು ಊರು ಬಿಟ್ಟ.

"ಅವತ್ತು ಅಮ್ಮನ ಎದೆಗಿಟ್ಟಿದ್ದು ಇದನ್ನೇ ಮಾಮ. ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡ ಮುಖ ಇಟ್ಟ. ತಟ್ಟಿ ನೋಡಲಿಲ್ಲ. ಮುಗೀತು ಅಂದ."

"ಹೂಂ."

"ಸಾಬರ ಎದೇಲೂ ಏನೂ ಕೇಳಲಿಲ್ಲ…"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಫೋನಿನ ಬೆಳಕನ್ನು ಆ ಗಂಟಿನ ಹತ್ತಿರಕ್ಕೆ ತಂದೆ.

"ಕಾಲು ಬೆಚ್ಚಗಿತ್ತು ಮಾಮ. ನಾನು ಹೇಳಿದೆ. ಅಪ್ಪ ಕೆನ್ನೆಗೆ ಹೊಡೆದ."

'ಟಕ್.'

ಇಬ್ಬರೂ ಕೆಳಗೆ ನೋಡಿದೆವು. ಬಿಲ್ಲೆ ಅವಳ ಎದೆಯ ಮೇಲೆ ನೇತಾಡುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಹಲ್ಲು ಕಚ್ಚಿ ತಿರುಚಿದರೆ ಮಾತ್ರ ತಿರುಗುತ್ತಿದ್ದ ಬಿಲ್ಲೆ ಚಿಕ್ಕ ಮುಖಕ್ಕೆ ತಿರುಗಿತ್ತು.

ನಾನೇ ತೆಗೆದುಕೊಂಡು ಕಿವಿಗೆ ಹಾಕಿಕೊಂಡೆ. ದೊಡ್ಡ ಮುಖದ ಮೇಲೆ ಬೆರಳಿನಿಂದ ತಟ್ಟಿದೆ. ಏನೂ ಇಲ್ಲ. ಸರಿಯಾಗಿಯೇ ಮುಚ್ಚಿತ್ತು. ತೆಗೆಯಬೇಕು ಎನ್ನುವಷ್ಟರಲ್ಲಿ… 'ಧಪ್.' ಮೆತ್ತಗೆ, ಭಾರವಾಗಿ. ಅದರ ಬೆನ್ನಿಗೆ 'ಸರ್ರ್' ಎಂದು ಸಣ್ಣ ಕಲ್ಲು ಜಾರಿದ ಸದ್ದು. ಮತ್ತೆ 'ಧಪ್.' ಮಂಕರಿಯಿಂದ ಮಣ್ಣು ಸುರಿಯುವ ಸದ್ದು ಯಾರಿಗೆ ಗೊತ್ತಿಲ್ಲ? ಆದರೆ ನಾವು ಅದನ್ನು ಕೇಳುವುದು ಮೇಲೆ ನಿಂತು. ನಾನು ಅವತ್ತು ಅದನ್ನು ಕೆಳಗಿನಿಂದ ಕೇಳಿದೆ. ಒಂದೊಂದು ಸಲ ಬಿದ್ದಾಗಲೂ ಸದ್ದು ದೂರವಾಗುತ್ತಿತ್ತು. ಅದರ ಅಡಿಯಲ್ಲಿ, ಬಹಳ ಹತ್ತಿರದಲ್ಲಿ, ಒಂದು ಎದೆ ಬಡಿತ. 'ಲಬ್… ಡಬ್… ಲಬ್…' ಆಮೇಲೆ 'ಪರ್… ಪರ್… ಪರ್…' ಬೆಳಿಗ್ಗೆ ಬೆಂಚಿನ ಮೇಲೆ ನಾನೇ ಮಾಡಿ ತೋರಿಸಿದ ಸದ್ದು. ಉಗುರಿನದು.

ಕಿತ್ತು ತೆಗೆದೆ. ಸಹನಾ ಕೇಳಿದಳು: "ಏನು ಮಾಮ?"

"ಏನೂ ಇಲ್ಲ. ನಡಿ."

"ನನಗೂ ಕೇಳಿಸ್ತಿದೆ," ಎಂದಳು. ಅವಳ ಕಿವಿಯಲ್ಲಿ ಏನೂ ಇರಲಿಲ್ಲ.

ಮನೆಗೆ ಹೋಗದೆ ವಾಪಸ್ ಹೊರಡೋಣ ಎಂದೆ. ಅವಳು ಒಪ್ಪಲಿಲ್ಲ. "ಅಪ್ಪನ್ನ ಕೇಳ್ಬೇಕು," ಎಂದಳು. ಅಷ್ಟೇ ಹೇಳಿ ಮುಂದೆ ನಡೆದಳು.

ಊರಿನಲ್ಲಿ ಇನ್ನೂ ಧಾರಾವಾಹಿಗಳ ಹೊತ್ತು. ಎಲ್ಲ ಮನೆಗಳಿಂದಲೂ ಟಿ.ವಿ. ಸದ್ದು. ಭಾವ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಕುಡಿದಿದ್ದ.

"ಓಹೋ ಮೇಷ್ಟ್ರು! ದಾರಿ ತಪ್ಪಿ ಬಂದ್ಬುಟ್ರಾ? ಭಾಮೈದ ಬತ್ತಾನೆ ಅಂತ ಗೊತ್ತಿದ್ರೆ ಕೋಳಿ ಕುಯ್ತಿದ್ದೆ ಕಣಪ್ಪ."

"ಭಾವ, ಸಹನಾ ಓದಿನ ವಿಷಯ…"

"ಓದು!" ಅವನ ಕಣ್ಣು ಮಗಳ ಕೊರಳಿನ ಮೇಲೆ ಬಿತ್ತು. "ಏನೇ ಅದು, ಮೂಗುದಾರ ಹಾಕ್ಕಂಡಂಗೆ? ಬಾ ನರ್ಸಮ್ಮ. ನಿಮ್ಮಪ್ಪನ ಎದೇಲಿ ಏನೈತೆ ನೋಡೇಳು. ಸರ್ಯಾಗೇಳಿದ್ರೆ ನಾಳೆ ನಾನೇ ಬಸ್ ಹತ್ತಿಸ್ತೀನಿ. ತೆಪ್ಪು ಹೇಳಿದ್ರೆ ಇಲ್ಲೇ ಬಿದ್ದಿರು." ಅಂಗಿಯ ಗುಂಡಿ ಬಿಚ್ಚಿದ.

ಸಹನಾ ಅವನ ಮುಂದೆ ಮಂಡಿಯೂರಿದಳು. ತುದಿಗಳನ್ನು ಮೂಗಿನ ಕಡೆ ವಾಲಿಸಿ ಸಿಕ್ಕಿಸಿಕೊಂಡಳು. ಬಿಲ್ಲೆ ತಿರುಚಿದಳು. ತಟ್ಟಿ ನೋಡಿದಳು. ಕಲಿಸಿದ್ದೆಲ್ಲವನ್ನೂ ಕ್ರಮವಾಗಿ ಮಾಡಿದಳು. ಎದೆಗಿಟ್ಟಳು.

ಅವಳ ಮುಖ ಬಿಳಿಚಿಕೊಳ್ಳುವುದನ್ನು ನಾನು ಕಂಡೆ.

"ಏನೈತೆ?"

"ಕೊಟ್ಟಿಗೆ," ಎಂದಳು. ದನಿಯಲ್ಲಿ ಏರಿಳಿತವಿಲ್ಲ, ಪಾಠ ಓದಿದ ಹಾಗೆ. "ಎಮ್ಮೆ ಸರಪಣಿ ಎಳೀತಿದೆ. ಗುದ್ದಲಿ ಕಾವು… ಬೆನ್ನಿಗೆ. ಮತ್ತೆ ಬೆನ್ನಿಗೆ. ಅಮ್ಮ ಹೇಳ್ತಿದಾಳೆ… ತಲೆಗೆ ಬ್ಯಾಡಿ… ತಲೆಗೆ ಬ್ಯಾಡಿ ಅಂತ…"

"ಏಯ್!"

"'ಲಟ್' ಅಂತು ಅಪ್ಪ. ಬಾವಿ ಹತ್ರ ಅಲ್ಲ. ಕೊಟ್ಟಿಗೇಲಿ."

ಅವನು ಒದ್ದ. ಅವಳು ಹಿಂದಕ್ಕೆ ಬಿದ್ದಳು. ಬೀಳುವ ಮೊದಲೇ ನಳಿಗೆ ಅವನ ಕೈಗೆ ಸಿಕ್ಕಿತ್ತು. ಎರಡು ಸುತ್ತು ಅವಳ ಕೊರಳಿಗೆ ಸುತ್ತಿ, ಮಂಡಿಯನ್ನು ಎದೆಯ ಮೇಲೂರಿ ಎಳೆದ. "ಯಾವನೇ ಹೇಳ್ಕೊಟ್ಟೋನು? ನಿನ್ನೂ ಅಲ್ಲಿಗೇ ಕಳುಸ್ತೀನಿ, ಅವಳ್ತಾವ್ಕೆ!" ಸಹನಾಳ ಹಿಮ್ಮಡಿ ನೆಲಕ್ಕೆ 'ದಬ್ ದಬ್' ಬಡಿಯುತ್ತಿತ್ತು. ನಾನು ಅವನ ಕೂದಲು ಹಿಡಿದು ಎಳೆದೆ. ನೀರಿನ ಹಿತ್ತಾಳೆ ಚೊಂಬಿನಿಂದ ತಲೆಗೆ ಹೊಡೆದೆ. ಚೊಂಬು ನೆಗ್ಗಿತು. ಅವನು ಒಂದು ಕೈ ಬಿಟ್ಟು ಮೂಲೆಯಲ್ಲಿದ್ದ ಗುದ್ದಲಿಯ ಮರದ ಕಾವು ತೆಗೆದು ಬೀಸಿದ. ನನ್ನ ಎಡಭುಜದ ಮೂಳೆ 'ಲಟಕ್' ಎಂದದ್ದು ನೋವಿಗಿಂತ ಮೊದಲು ಕಿವಿಗೆ ಬಂತು. ಬಿದ್ದೆ. ಅವನು ಕಾವನ್ನು ಮತ್ತೆ ಎತ್ತಿದ. ನನ್ನ ತಲೆಗೇ ಗುರಿ.

'ಟಪ್. ಟಪ್. ಟಪ್.'

ಬೆರಳಿನಿಂದ ಪೊರೆ ತಟ್ಟಿದ ಸದ್ದು. ಸರಿಯಿದೆಯೇ ಎಂದು ನೋಡಲು ತಟ್ಟುತ್ತಾರಲ್ಲ, ಹಾಗೆ. ಆದರೆ ಅದು ಇಡೀ ಮನೆಗೆ ಕೇಳಿಸಿತು. ಪಕ್ಕದ ಮನೆಯ ನಾಗರತ್ನಮ್ಮನಿಗೂ ಗೋಡೆಯಾಚೆ ಕೇಳಿಸಿತ್ತು. ಆಕೆ ಬೇಕಾದರೆ ಈಗಲೂ ಹೇಳುತ್ತಾರೆ.

ಭಾವನ ಕೈ ಹಾಗೇ ನಿಂತಿತು. ಬಿಲ್ಲೆ ಮಣ್ಣಿನ ನೆಲದ ಮೇಲೆ ಬಿದ್ದಿತ್ತು.

'ಟಪ್. ಟಪ್. ಟಪ್.'

"ಸುಳ್ಳು," ಎಂದ. "ಏನೋ ಮಿಸಿನ್ನು ಇಕ್ಕವ್ರೆ ಇದ್ರಾಗೆ." ಸಹನಾಳ ಕೊರಳಿನಿಂದ ನಳಿಗೆಯನ್ನು ಬಿಚ್ಚಿ ಕಿತ್ತುಕೊಂಡ. ಕಾವು ಬಿಸಾಕಿ, ಎರಡೂ ತುದಿಗಳನ್ನು ತನ್ನ ಕಿವಿಗೆ ತುರುಕಿಕೊಂಡ. "ಏನೂ ಇಲ್ಲ! ನೋಡ್ರಲಾ, ಏನೂ ಇ…"

ಬಾಯಿ ತೆರೆದೇ ಇತ್ತು.

ಆಮೇಲೆ ತೆಗೆಯಲು ನೋಡಿದ. ಬರಲಿಲ್ಲ. ಎರಡು ಕೈಯಿಂದ ಸ್ಟೀಲಿನ ಕಡ್ಡಿಗಳನ್ನು ಹಿಡಿದು ಎಳೆದ. ಕಡ್ಡಿ ಬಾಗಿತು. ತಲೆಯನ್ನು ಕಂಬಕ್ಕೆ ಚಚ್ಚಿದ… ಒಮ್ಮೆ, ಮತ್ತೊಮ್ಮೆ. ಕಿವಿಗಳಿಂದ ಕೆನ್ನೆಗೆ ರಕ್ತ ಇಳಿಯಿತು. "ತಟ್ಟಬ್ಯಾಡ ಕಣೆ," ಎಂದ. ಸಣ್ಣ ಮಗುವಿನ ದನಿ. "ತಟ್ಟಬ್ಯಾಡ ಓಬಳಿ… ಬಂದೆ. ತೆಗಿತೀನಿ… ಬಂದ್ಬುಟ್ಟೆ…"

ಹೊರಗೆ ಓಡಿದ. ಬಿಲ್ಲೆ ಅವನ ಎದೆಗೆ ಬಡಿಯುತ್ತಾ ಹೋಯಿತು.

ನಾನು ತೆವಳಿ ಸಹನಾಳ ಬಳಿ ಹೋದೆ. ಉಸಿರಿತ್ತು. ಕೊರಳ ಸುತ್ತ ನೇರಳೆ ಬಣ್ಣದ ಎರಡು ಗೆರೆ. ನಾಗರತ್ನಮ್ಮ ಓಡಿ ಬಂದು ಅವಳನ್ನು ತೊಡೆಯ ಮೇಲೆ ಹಾಕಿಕೊಂಡರು. ನಾನು ಮುರಿದ ಭುಜ ಹಿಡಿದುಕೊಂಡು ಹೊಲದ ಕಡೆ ನಡೆದೆ. ನಾಗರತ್ನಮ್ಮನ ಮಗ ಗೌರೀಶನೂ ಇನ್ನೂ ನಾಲ್ಕಾರು ಜನರೂ ಟಾರ್ಚು ಹಿಡಿದು ನನ್ನನ್ನು ದಾಟಿ ಓಡಿದರು.

ಅವನು ಅಕ್ಕನ ಗುಡ್ಡೆಯ ಮೇಲೆ ಮಂಡಿಯೂರಿ ಬರಿಗೈಯಲ್ಲಿ ತೋಡುತ್ತಿದ್ದ. ಐದು ವರ್ಷ ಕೂತ ಕೆಂಪು ಮಣ್ಣು. ಹಾರೆಯೂ ಅದಕ್ಕೆ ಸುಲಭಕ್ಕೆ ಇಳಿಯದು. ಆದರೆ ಅವನು ಆಗಲೇ ಸೊಂಟದಾಳ ಇಳಿದಿದ್ದ. ಗೌರೀಶ ರಟ್ಟೆ ಹಿಡಿದ. ಅವನು ಕಚ್ಚಿ ಮಾಂಸ ಕಿತ್ತ. ಇನ್ನಿಬ್ಬರು ಹಿಡಿದರು. ಇಬ್ಬರನ್ನೂ ಎತ್ತಿ ಒಗೆದ. ಟಾರ್ಚಿನ ಬೆಳಕಿನಲ್ಲಿ ಅವನ ಕೈ ಕಂಡಿತು… ಬೆರಳ ತುದಿಗಳಲ್ಲಿ ಉಗುರೇ ಇರಲಿಲ್ಲ. "ಇಲ್ಲೇ ಅವ್ಳೆ," ಎನ್ನುತ್ತಿದ್ದ. "ಜೀವ ಐತೆ… ಎದೆ ಬಡ್ಕಂತೈತೆ… ಎಳೀರಲಾ ಯಾರಾದ್ರೂ…"

ಇನ್ನೂ ತೋಡಿದ. ತಲೆ ಮರೆಯಾಯಿತು. ಆಮೇಲೆ ಪಕ್ಕದ ಮಣ್ಣು 'ಧಪ್' ಎಂದು ಕುಸಿಯಿತು. 'ಸರ್ರ್…'

ಕಾಲುಗಳು ಮಾತ್ರ ಹೊರಗಿದ್ದವು. ಒದೆಯುತ್ತಿದ್ದವು. ಗುದ್ದಲಿ ತಂದು ಮಣ್ಣು ಎಳೆದು ಹೊರಗೆ ಹಾಕುವಷ್ಟರಲ್ಲಿ ನಿಂತವು. ಬಾಯಿಯ ತುಂಬಾ, ಮೂಗಿನ ತುಂಬಾ ಮಣ್ಣು. ಸ್ಟೆತಾಸ್ಕೋಪು ಕಿವಿಯಲ್ಲೇ ಇತ್ತು. ನಳಿಗೆ ಬಿಗಿಯಾಗಿ ಕೆಳಕ್ಕೆ ಎಳೆದುಕೊಂಡಿತ್ತು. ಅದರ ಜಾಡು ಹಿಡಿದು ಗೌರೀಶ ಇನ್ನಷ್ಟು ಮಣ್ಣು ಸರಿಸಿದ. ಸರಿಸಿದವನು ಗುದ್ದಲಿ ಬಿಟ್ಟು ಹಿಂದೆ ಸರಿದ.

ಬಿಲ್ಲೆ ಅಕ್ಕನ ಎದೆಗೂಡಿನ ಮೇಲೆ ಕೂತಿತ್ತು.

ಮಲಗಿಸಿದ ಹಾಗೆ ಇರಲಿಲ್ಲ ಅವಳು. ಮಗ್ಗುಲಿಗೆ ಹೊರಳಿದ್ದಳು. ಮಂಡಿ ಮಡಿಸಿತ್ತು. ಎರಡೂ ಕೈ ಮುಖದ ಮುಂದೆ ಇದ್ದವು. ಬೆಳಿಗ್ಗೆ ಬಂದ ಪೊಲೀಸಿನವರೂ ಹಾಗೆಯೇ ಇತ್ತು ಎಂದು ಬರೆದುಕೊಂಡರು. ತಲೆಬುರುಡೆಯ ಹಿಂದೆ ಸೀಳಿತ್ತು. ಆದರೆ ಸತ್ತದ್ದು ಅದರಿಂದಲ್ಲ ಎಂದು ಅವರ ಡಾಕ್ಟರು ನನ್ನ ಮುಂದೆ ಹೇಳಲು ಹಿಂಜರಿದರು. ನಾನು ಒತ್ತಾಯ ಮಾಡಲಿಲ್ಲ. ನನಗೆ ಗೊತ್ತಿತ್ತು.

ಸಹನಾ ಈಗ ಮೂರನೇ ವರ್ಷ. ನನ್ನ ಮನೆಯಲ್ಲೇ ಇದ್ದಾಳೆ. ಕೊರಳಿನ ಗೆರೆ ಮಾಸಿದೆ. ಯಾರ ಎದೆಗಿಡುವ ಮೊದಲೂ ಮೂರು ಸಲ ತಟ್ಟುತ್ತಾಳೆ.

ನಾನು ವಿಜ್ಞಾನದ ಮೇಷ್ಟ್ರು. ಕಂಡದ್ದನ್ನು ಮಾತ್ರ ಹೇಳುತ್ತೇನೆ. ನಂಬದಿದ್ದರೆ ಬೇಡ. ನಡೆದದ್ದು ನಡೆದದ್ದೇ. ಅಕ್ಕನಿಗೆ ಕೊನೆಯ ಸ್ನಾನ ಮಾಡಿಸಿದ್ದವರು ನಾಗರತ್ನಮ್ಮ. ಬೆಳಕು ಹರಿದಾಗ ಅವರು ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡಿ, ನನ್ನ ಮುಖ ನೋಡಿ, "ಅಯ್ಯೋ, ನಾವು ಕಳ್ಸಿದ್ದು ಅವಳ ಹಳೇ ಕೆಂಪು ಸೀರೇಲಿ ಕಣಪ್ಪ," ಎಂದರು.

ಅಕ್ಕನ ಮೇಲೆ ಹೊದಿಸಿದ್ದದ್ದು ಹಸಿರು ಸೀರೆ, ಮಾವಿನಕಾಯಿ ಅಂಚು. ಅಂಗಡಿಯ ಚೀಟಿ ಸೆರಗಿನಲ್ಲಿ ಗುಂಡುಪಿನ್ನಿನ ಸಮೇತ ಹಾಗೇ ಇತ್ತು.